ಮಾತ್ರೆಯಿಲ್ಲದ ಥೈರಾಯ್ಡು

ಬೆಳಿಗ್ಗೆ ಸಂಜಯನಗರದ ಪಾರ್ಕಿಗೆ ಹೆಂಡತಿಯ ಜೊತೆ ವಾಕಿಂಗ್ ಹೋಗುತ್ತೇನೆಂದು ನಾನು ಹೇಳಿಕೊಳ್ಳುತ್ತಿದ್ದುದು ಪೂರ್ತಿ ನಿಜವಲ್ಲ. ಜೊತೆ ಗೇಟಿನವರೆಗೆ ಮಾತ್ರ. ಆಮೇಲೆ ನಾನು ಮುಂದೆ, ಸುಶೀಲ ಹಿಂದೆ. ಕಾರ್ಖಾನೆಯ ಸೈರನ್ನಿಗೆ ನಡಿಗೆ ಕಲಿತ ಕಾಲುಗಳಿಗೆ ಅಡ್ಡಾಡುವುದು ಬರುವುದಿಲ್ಲ.

ಈ ವರ್ಷ ಆ ಕಾಲುಗಳು ಕೈಕೊಟ್ಟವು. ನೋವಿಲ್ಲ, ಏದುಸಿರಿಲ್ಲ, ಸುಮ್ಮನೆ ನಿಧಾನ. ಮೊಣಕಾಲಿಗೆ ಪಟ್ಟಿ ಕಟ್ಟಿದವರೂ ನನ್ನನ್ನು ದಾಟುತ್ತಾ, "ಏನ್ ಸಾರ್, ಇವತ್ತು ಆರಾಮಾಗಿ?" ಎಂದು ವಿಚಾರಿಸತೊಡಗಿದರು. ರಕ್ತಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ ಇರಬೇಕಾದ್ದಕ್ಕಿಂತ ತುಸು ಹೆಚ್ಚು ಎಂದು ದಪ್ಪಕ್ಷರದಲ್ಲಿ ಬಂತು. ನನ್ನಷ್ಟು ಸಂತೋಷದಿಂದ ಯಾರೂ ರೋಗವನ್ನು ಬರಮಾಡಿಕೊಂಡಿರಲಾರರು. ನಿಧಾನವಾದದ್ದು ನಾನಲ್ಲ, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ. ಅದಕ್ಕೆ ಮಾತ್ರೆಯಿದೆ. ಸುಶೀಲ ವರ್ಷಗಳಿಂದ ನುಂಗುತ್ತಿದ್ದಾಳೆ: ಖಾಲಿ ಹೊಟ್ಟೆಗೆ ನೀರಿನ ಜೊತೆ ಒಂದು, ಆಮೇಲೆ ಒಂದು ಗಂಟೆ ಕಾಫಿಯಿಲ್ಲ.

ಅಭ್ಯಾಸವಾಗಿರಲಿ ಎಂದು ಡಾಕ್ಟರನ್ನು ಕಾಣುವ ಮೊದಲೇ ನಾನು ಆ ಕ್ರಮ ಶುರುಮಾಡಿದೆ. ಎದ್ದು ನೀರು ಕುಡಿದು, ಕಾಫಿಯಿಲ್ಲದೆ ಗಡಿಯಾರದ ಎದುರು ನೆಟ್ಟಗೆ ಕೂತೆ. ಮಾತ್ರೆ ಎಲ್ಲಿ ಎಂದು ಸುಶೀಲ ಕೇಳಿದಳು. ಬರುತ್ತದೆ ಎಂದೆ.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ," ಎಂದು ತನ್ನ ಡಬ್ಬಿಯನ್ನು ನನ್ನ ಕೈಗೆಟುಕದ ಕಡೆ ಎತ್ತಿಟ್ಟಳು.

ಆರ್.ಟಿ. ನಗರದ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ತಾಳ್ಮೆಯಿಂದ ವಿವರಿಸಿದರು. ಗ್ರಂಥಿಗೆ ಕೆಲಸ ಹೇಳುವ ಮೇಸ್ತ್ರಿಯೊಬ್ಬ ಮೆದುಳಿನ ಬುಡದಲ್ಲಿದ್ದಾನಂತೆ. ಅವನ ಕೂಗೇ ಟಿಎಸ್‌ಎಚ್. ವಯಸ್ಸಾದಂತೆ ಕೂಗು ತುಸು ಜೋರಾಗುವುದು ಸಹಜ. ಗ್ರಂಥಿ ಮಾತ್ರ ತನ್ನ ಪಾಲಿನ ಹಾರ್ಮೋನನ್ನು ಸರಿಯಾಗಿಯೇ ಒದಗಿಸುತ್ತಿದೆ. ಮೈಯೊಳಗಿನ ಒಲೆಯ ಉರಿ ಸ್ವಲ್ಪ ಸಣ್ಣಗಿರುವವರು ಹೆಚ್ಚು ಕಾಲ ಬಾಳುತ್ತಾರೆಂದೂ ಕೆಲವರು ಹೇಳುತ್ತಾರೆ, ಖಚಿತವಿಲ್ಲ. ಬೇಡದ ಮಾತ್ರೆ ನುಂಗಿದರೆ ಎದೆಬಡಿತ ತಾಳ ತಪ್ಪೀತು, ಮೂಳೆ ಸವೆದೀತು.

ಆಯುಸ್ಸು ಬೇಡ, ವೇಗ ಕೊಡಿ ಎಂದೆ.

"ಅಂಕಲ್, ಬೇಗ ಬೇಗ ಹೋಗಿ ನೀವು ಎಲ್ಲಿಗೆ ತಲುಪ್ಬೇಕು?"

ನನ್ನ ವಯಸ್ಸಿನಲ್ಲಿ ಅದಕ್ಕಿರುವುದು ಒಂದೇ ಉತ್ತರ. ರಕ್ತಪರೀಕ್ಷೆಯ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಎದ್ದೆ.

ಅಂತೂ ಗ್ರಂಥಿ ನಿರಪರಾಧಿ, ಮುದುಕನಾದದ್ದು ನಾನೇ. ದಾರಿಯುದ್ದಕ್ಕೂ ಸಮಾಧಾನ ಹುಡುಕಿದೆ. ಅನ್ನ ಉಕ್ಕಿದ ಮೇಲೆ ಉರಿ ಸಣ್ಣ ಮಾಡುತ್ತಾರೆ. ಹಾಗೆಂದು ಒಲೆ ಕೆಟ್ಟಿದೆ ಎನ್ನುವುದಿಲ್ಲ. ಹೋಲಿಕೆ ಚೆನ್ನಾಗಿತ್ತು. ಆದರೆ ಅನ್ನ ನಾನೇ ಆಗಿದ್ದರಿಂದ ಅಷ್ಟು ಹಿಡಿಸಲಿಲ್ಲ.

ಮರುದಿನ ಪಾರ್ಕಿನಲ್ಲಿ ಎರಡನೇ ಸುತ್ತಿಗೂ ಸುಶೀಲ ಪಕ್ಕದಲ್ಲೇ ಇದ್ದಳು. ಅವಳ ನಡಿಗೆ ಎಂದಿನದೇ, ಬದಲಾದದ್ದು ನನ್ನದು. ಸಿಕ್ಕ ಅವಕಾಶ ವ್ಯರ್ಥವಾಗದಿರಲೆಂದು, ಕೈ ಹೇಗೆ ಬೀಸಬೇಕು, ಉಸಿರು ಹೇಗೆ ಬಿಡಬೇಕು ಎಂದೆಲ್ಲ ಅವಳಿಗೆ ಹೇಳಿಕೊಡುತ್ತಾ ಬಂದೆ.

"ಇಷ್ಟು ವರ್ಷ ನಿಮ್ಮ ಬೆನ್ನು ನೋಡ್ಕೊಂಡೇ ನಡೆದೆ," ಎಂದಳು.

ನನ್ನ ಮನಸ್ಸು ಕರಗಿತು. ಇನ್ನು ಮೇಲೆ ದಿನಾ ಜೊತೆಗೇ ನಡೆಯೋಣ ಎಂದೆ. ಅವಳು ನನ್ನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿದಳು.

"ನಡೀರಿ. ಬೆನ್ನು ಸುಮ್ನಿರ್ತಿತ್ತು, ಅಷ್ಟೇ."