ಮಡಿಲಿಗೆ ಬಂದ ಬಸ್ಸು

ಕಚೇರಿಯಲ್ಲಿ ಅವನನ್ನು 'ಕ್ಯಾಮೆರಾದವನು' ಎನ್ನುತ್ತಿದ್ದರು. ಅವನು ಮಾತ್ರ ತನ್ನನ್ನು ಕಲಾವಿದ ಎಂದುಕೊಂಡಿದ್ದ. ಆ ಭ್ರಮೆಗೆ ಸಂಬಳದಲ್ಲಿ ಬೇರೆ ಭತ್ಯೆಯೇನೂ ಇರಲಿಲ್ಲ. ಕೆಲಸ ಇಷ್ಟೇ: ಊರಿನ ನೂಕುನುಗ್ಗಲಿನ ಫೋಟೊ ತೆಗೆಯುವುದು. ಬಸ್ಸು, ಸ್ಕೂಟರು, ತಳ್ಳುಗಾಡಿ, ಇವುಗಳ ನಡುವೆ ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟುವವರು. ಆ ಚಿತ್ರಗಳನ್ನೆಲ್ಲ ಫೋಟೊ ಏಜೆನ್ಸಿಯ ಯಜಮಾನರು ಕೇಳಿದವರಿಗೆ ಮಾರುತ್ತಿದ್ದರು. ಯಾವ ಚಿತ್ರ ತೋರಿಸಿದರೂ ಅವರದು ಒಂದೇ ರಾಗ: "ಗಿಜಿಗಿಜಿ ಸಾಲ್ದು ಕಣಯ್ಯಾ."

ಗಿಜಿಗಿಜಿಗೆ ಅವನ ಬಳಿ ಉಪಾಯವಿತ್ತು. ದೂರ ನಿಂತು ಉದ್ದ ಲೆನ್ಸಿನಲ್ಲಿ ತೆಗೆದರೆ ಮುಂದಿನದೂ ಹಿಂದಿನದೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಕೈಬೀಸಿ ನಡೆಯಬಹುದಾದ ಬೀದಿಯೂ ಉಸಿರುಕಟ್ಟಿದಂತೆ ತೋರುತ್ತದೆ. ಆದರೆ ಬಸ್ ನಿಲ್ದಾಣದ ಬೀದಿಯನ್ನು ಅವನು ಯಾವಾಗಲೂ ದೂರದ ಮೇಲ್ಸೇತುವೆಯಿಂದಲೇ ತೆಗೆಯುತ್ತಿದ್ದುದಕ್ಕೆ ಕಾರಣ ಕಲೆಯಲ್ಲ, ಚಿಕ್ಕಮ್ಮ. ತಾಯಿ ಹೋದ ಮೇಲೆ ಅವನನ್ನು ಸಾಕಿದ ಚಿಕ್ಕಮ್ಮ ಅಲ್ಲಿ ಫುಟ್‌ಪಾತಿನ ಗೋಡೆಗೊರಗಿ ಕೂತು, ಪುಟ್ಟದೊಂದು ಹೊಲಿಗೆ ಯಂತ್ರ ಇಟ್ಟುಕೊಂಡು, ಬ್ಯಾಗಿನ ಜಿಪ್ಪು, ಹರಿದ ಪಟ್ಟಿ, ಮುರಿದ ಕೊಡೆ ರಿಪೇರಿ ಮಾಡುತ್ತಿದ್ದಳು. ಅವನು ಹತ್ತಿರ ಸುಳಿದರೆ ಸಾಕು, ಅಷ್ಟೂ ಹಾರನ್ನುಗಳನ್ನು ಮೀರಿಸುವ ಗಂಟಲಲ್ಲಿ, "ಏ ಸಿಂಬ್ಳಬುರ್ಕ, ತಿಂದ್ಯೇನೋ?" ಎಂದು ಕೂಗುತ್ತಿದ್ದಳು. ಕೊರಳಿಗೆ ಎರಡೆರಡು ಕ್ಯಾಮೆರಾ ನೇತುಹಾಕಿಕೊಂಡ ಕಲಾವಿದನಿಗೆ ಓರಗೆಯ ಫೋಟೊಗ್ರಾಫರುಗಳ ಮುಂದೆ ಆ ಬಿರುದು ಬೇಡವಾಗಿತ್ತು.

ಒಂದು ದಿನ ಆ ಬೀದಿಯ ಚಿತ್ರವೊಂದನ್ನು ನೋಡಿ ಯಜಮಾನರು ಬೆನ್ನು ತಟ್ಟಿದರು. ಅವನು ಹಿಗ್ಗಿ ಹೀರೇಕಾಯಿಯಾದ. ಅದನ್ನು ಕೊಂಡವರು ಯಾರೆಂದು ಗೊತ್ತಾದದ್ದು ಅದೇ ಬೀದಿಯ ಲೈಟುಕಂಬದ ಮೇಲೆ. ಪಾಲಿಕೆಯ ತೆರವು ನೋಟಿಸು. ಅದರಲ್ಲಿ ಅವನ ಚಿತ್ರ, ಚಿಕ್ಕಮ್ಮನ ತಲೆಯ ಸುತ್ತ ಕೆಂಪು ಗೆರೆ, ಪಕ್ಕದಲ್ಲಿ 'ಸಂಚಾರಕ್ಕೆ ಅಡ್ಡಿ'. ಮೂಲೆಯಲ್ಲಿ ಅವನ ಹೆಸರು. ಅವನ ಕಣ್ಣು ಮೊದಲು ಹೋದದ್ದು ಹೆಸರಿಗೆ, ಆಮೇಲೆ ಚಿಕ್ಕಮ್ಮನಿಗೆ. ಅದು ಅರಿವಾದಾಗ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು.

ಚಿಕ್ಕಮ್ಮ ಕೂಗಲಿಲ್ಲ. ಕೂತಲ್ಲಿಂದ ಎದ್ದು ಬಂದು ಚಿತ್ರದ ಮೇಲೆ ಬೆರಳಿಟ್ಟಳು.

"ಈ ಬಸ್ಸು ನನ್ನ ಮಡಿಲಿಗೆ ಯಾವಾಗ ಬಂತೋ?"

ನಿಜಕ್ಕೂ ಬಸ್ಸುಗಳು ನಿಲ್ಲುತ್ತಿದ್ದುದು ಬೀದಿಯ ಆ ತುದಿಯಲ್ಲಿ. ಚಿತ್ರದಲ್ಲಿ ಮಾತ್ರ ಬಸ್ಸಿನ ಮೂತಿ ಅವಳ ಮೊಣಕಾಲಿಗೆ ತಾಗುವಂತಿತ್ತು. ಅವನು ತಡವರಿಸುತ್ತ ಲೆನ್ಸಿನ ಸಂಗತಿ ವಿವರಿಸಿದ. ಅವಳು ಹಲ್ಲಿನಲ್ಲಿ ದಾರ ಕಡಿಯುತ್ತ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ, ನೀನು ಹತ್ರ ಬರ್ಲಿಲ್ಲ ಅಂತ ಬಸ್ಸು ಬಂತು ಅನ್ನು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಕುದಿಯುತ್ತಲೇ ಯಜಮಾನರ ಕೋಣೆಗೆ ನುಗ್ಗಿದ. ಅವರು ಕಂಪ್ಯೂಟರಿನಿಂದ ಕಣ್ಣು ಕೀಳದೆ, ಚಿತ್ರದಲ್ಲಿ ಸುಳ್ಳೇನಿದೆ, ಬಸ್ಸು ಇರಲಿಲ್ಲವೇ, ಅವನ ಚಿಕ್ಕಮ್ಮ ಕೂತಿರಲಿಲ್ಲವೇ ಎಂದು ಕೇಳಿದರು. ಎರಡಕ್ಕೂ ಹೌದೆನ್ನಬೇಕಾಗಿ ಬಂದದ್ದು ಅವನ ಸಿಟ್ಟಿಗೆ ಎಣ್ಣೆ ಸುರಿದಂತಾಯಿತು.

ಮರುದಿನ ಮೊದಲ ಬಾರಿಗೆ ಅವಳ ಪಕ್ಕದಲ್ಲೇ ಮಂಡಿಯೂರಿ, ಗಿಡ್ಡ ಲೆನ್ಸಿನಲ್ಲಿ ತೆಗೆದ. ಚಿತ್ರದಲ್ಲಿ ಅವಳಿಗೂ ರಸ್ತೆಗೂ ನಡುವೆ ಒಂದು ಸಂಸಾರವೇ ಅಕ್ಕಪಕ್ಕ ಕೈ ಹಿಡಿದು ಹೋಗುತ್ತಿತ್ತು. ಅದನ್ನು ಪಾಲಿಕೆಯ ಇಂಜಿನಿಯರಿಗೆ ತೋರಿಸಿದ. ಆತ, ಜನವೇ ಇಲ್ಲವಲ್ಲ, ರಜಾ ದಿನ ತೆಗೆದದ್ದೇ ಎಂದು ಕೇಳಿ, ಅದರ ಮೇಲೆ ಟೀ ಲೋಟ ಇಟ್ಟ.

ನೋಟಿಸಿನಲ್ಲಿ ಹೇಳಿದ ದಿನಕ್ಕೆ ಪಾಲಿಕೆಯ ಲಾರಿ ಬಂತು. ಗುಂಡಿಗಳನ್ನು ಮುಚ್ಚಲು ಎಂದೂ ಹೊತ್ತಿಗೆ ಸರಿಯಾಗಿ ಬಾರದ ಲಾರಿ. ಹೊಲಿಗೆ ಯಂತ್ರವನ್ನು ಮುಟ್ಟಲು ಬಂದವರನ್ನು ಚಿಕ್ಕಮ್ಮ ಕಣ್ಣಲ್ಲೇ ತಡೆದು, ತಾನೇ ಎತ್ತಿಕೊಂಡು ಗಲ್ಲಿಯೊಳಗೆ ನಡೆದಳು. ಫೋಟೊಗ್ರಾಫರುಗಳೆಲ್ಲ ನೆರೆದಿದ್ದರು. ಅವರ ಎದುರಲ್ಲೇ ಅವನು ಸ್ಟೂಲು, ಕೊಡೆಗಳ ಕಟ್ಟು ಹೊತ್ತು ಹಿಂದೆ ಹೊರಟ. ಸಿಂಬಳಬುರುಕ ಎಂದು ಈಗಲಾದರೂ ಕೂಗಬಾರದೇ ಎನ್ನಿಸಿತು. ಅವಳು ಕೂಗಲಿಲ್ಲ.

ಸಾಮಾನು ಇಳಿಸಿ ಹಿಂತಿರುಗಿದಾಗ ಅವಳು ಕೂತಿದ್ದ ಜಾಗದಲ್ಲಿ ಇಂಜಿನಿಯರನ ಜೀಪು ನಿಂತಿತ್ತು. ಅರ್ಧ ಫುಟ್‌ಪಾತನ್ನು ನುಂಗಿಕೊಂಡು, ಆರಾಮಾಗಿ. ನಡೆಯುವವರು ಅದನ್ನು ಬಳಸಿ ರಸ್ತೆಗಿಳಿಯುತ್ತಿದ್ದರು. ಅವನು ಒಂದು ತೋಳಿನಳತೆಯಲ್ಲಿ ನಿಂತು, ಗಿಡ್ಡ ಲೆನ್ಸಿನಲ್ಲೇ ತೆಗೆದು, ಯಜಮಾನರಿಗೆ ಕಳಿಸಿದ. ಕೂಡಲೇ ಉತ್ತರ ಬಂತು: "ಗಿಜಿಗಿಜಿ ಇಲ್ಲ. ಬೇಡ."

ಕಚೇರಿಯ ಪ್ರಿಂಟರಿನಲ್ಲೇ ಅದನ್ನು ದೊಡ್ಡದಾಗಿ ತೆಗೆದ. ಗಲ್ಲಿಗೆ ಹೋಗಿ, ಬ್ಯಾಗು ಅಂಟಿಸುವ ಸೊಲ್ಯೂಷನ್ ಕೇಳಿದ. ಯಾಕೆಂದು ಕೇಳದೆ ಚಿಕ್ಕಮ್ಮ ಡಬ್ಬಿ ಹಿಡಿದು ಜೊತೆಗೇ ಬಂದಳು. ಹಗಲಲ್ಲೇ, ಜನ ನೋಡುತ್ತಿರುವಾಗಲೇ, ನೋಟಿಸಿನ ಮೇಲೆ ಚಿತ್ರ ಅಂಟಿಸಿದ. ಯಜಮಾನರ ಕರೆಗೆ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಬಡಿದುಕೊಳ್ಳಲಿ ಎಂದು ಬಿಟ್ಟ. ಮೂಲೆಯಲ್ಲಿ ಪೆನ್ನಿನಿಂದ ಒತ್ತಿ ಒತ್ತಿ ಬರೆದ: 'ಚಿತ್ರ: ಸಿಂಬಳಬುರುಕ.'

"ಆ ಮೇಲಿನ ಮೂಲೆ ಬಿಟ್ಕೊಂಡಿದೆ ನೋಡೋ," ಎಂದಳು ಚಿಕ್ಕಮ್ಮ. "ಇನ್ನೊಂಚೂರು ಬಳಿ."