ಇಟಲಿಗೆ ಹೊರಟ ಹತ್ತು ಬೆರಳು

ಇಂಚರಾ ಚಿಕ್ಕಂದಿನಿಂದಲೂ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ. ಹುಟ್ಟಿದ್ದು, ಓದಿದ್ದು ಎಲ್ಲ ತಿರುವನಂತಪುರದಲ್ಲಿ. ಮನೆಯೊಳಗಿನ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ನಾಲಿಗೆಗೆ ಮಾತ್ರ ಹತ್ತುತ್ತಿರಲಿಲ್ಲ. ಹಾಗಾಗಿ ಆ ಬೆಳಿಗ್ಗೆ ಇಟಲಿಯಿಂದ ಫೋನ್ ಮಾಡಿದವಳು "ಅಮ್ಮ, ನೀನು ಬಾ" ಎಂದು ಕನ್ನಡದಲ್ಲೇ ಹೇಳಿದಾಗ, ರತ್ನ ಕಾವಲಿಯ ಮೇಲಿದ್ದ ದೋಸೆಯನ್ನು ಮರೆತಳು.

ಇಂಚರಾಳ ಗಂಡ ಸಚಿನ್ ಬೊಲೋನ್ಯ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ಅವನ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ನವೆಂಬರ್ ನಡುವಿಗೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ಅಷ್ಟು ದೂರದ ಚಳಿಯಲ್ಲಿ ಮಗುವನ್ನು ಮೀಯಿಸಲು, ಬಾಣಂತಿಗೆ ಎಣ್ಣೆ ಹಚ್ಚಲು ರತ್ನಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಬಾಣಂತನ ಇಲ್ಲದೆ ಇರುವುದು ಎಂದರೇನು ಎಂದು ರತ್ನಳಿಗೆ ಗೊತ್ತಿತ್ತು. ಇಂಚರಾ ಹುಟ್ಟಿದಾಗ ಸುಳ್ಯದಿಂದ ಹೊರಡಬೇಕಿದ್ದ ರತ್ನಳ ಅಮ್ಮ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಗಂಡ ರಾಮದಾಸ ಬಾಹ್ಯಾಕಾಶ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಆಗಿನ್ನೂ ಹೊಸ ಕೆಲಸ, ರಜೆ ಸಿಗುತ್ತಿರಲಿಲ್ಲ. ಹಸಿ ಮೈಯಲ್ಲೇ ರತ್ನ ಬಟ್ಟೆ ಒಗೆಯಲು ಕೂತಿದ್ದಳು. ಪಕ್ಕದ ಮನೆಯ ಅಚ್ಚಮ್ಮ ಬೇಲಿಯ ಸಂದಿಯಿಂದ ನೋಡಿ, ಬಂದು ಅವಳ ಕೈಯಿಂದ ಬಕೆಟ್ ಕಿತ್ತುಕೊಂಡು ಹೋಗಿದ್ದಳು. ಅಂದಿನಿಂದ ಮಗು ಕತ್ತು ನಿಲ್ಲಿಸುವವರೆಗೂ ಮೀಯಿಸಿದವಳು ಅಚ್ಚಮ್ಮನೇ. ಭಾಷೆ ಇನ್ನೂ ಬಾರದ ಊರಿನಲ್ಲಿ ರತ್ನಳಿಗೆ ತಾಯಿಮನೆ ಎಂದು ಆದದ್ದು ಆ ಬೇಲಿಯ ಆಚೆಗಿನ ಮನೆ. ತನ್ನ ಮಗಳ ಹೆರಿಗೆಗೆ ಏನೇ ಆದರೂ ತಾನು ಹೋಗಿಯೇ ತೀರುವೆನೆಂದು ಅವಳು ಆಗಲೇ ಮನಸ್ಸಿನಲ್ಲಿ ಅಂದುಕೊಂಡಿದ್ದಳು. ಆ ಹೆರಿಗೆ ಇಟಲಿಯಲ್ಲಿ ಆಗುತ್ತದೆಂದು ಮಾತ್ರ ಯಾರೂ ಎಣಿಸಿರಲಿಲ್ಲ.

ತಯಾರಿಯ ಯಜಮಾನಿಕೆಯನ್ನು ಅಚ್ಚಮ್ಮನ ಗಂಡ ಜೋಸೆಫ್ ವಹಿಸಿಕೊಂಡರು. ರೈಲ್ವೆಯ ಟಿಕೆಟ್ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಯಾರಾದರೂ ಎಲ್ಲಿಗಾದರೂ ಹೊರಟರೆ ಸಾಕು, ಅವರ ಮುಖ ಅರಳುತ್ತಿತ್ತು. ರತ್ನಳ ಪಾಸ್‌ಪೋರ್ಟ್ ಹೊಸದಾಗಿ ಬಂದಿತ್ತು. ಸಚಿನ್ ಆಹ್ವಾನದ ಪತ್ರ ಕಳಿಸಿದ. ಪ್ರಯಾಣದ ವಿಮೆ, ಬ್ಯಾಂಕಿನ ಕಾಗದ, ಹೋಗಿ ಬರುವ ಟಿಕೆಟು ಎಲ್ಲವನ್ನೂ ಜೋಸೆಫ್ ತಮ್ಮ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸಿದರು. ತಿರುವನಂತಪುರಕ್ಕಿಂತ ಕೊಚ್ಚಿಯಿಂದ ಹೊರಡುವುದೇ ಒಳ್ಳೆಯದು, ಗಲ್ಫಿನಲ್ಲಿ ಒಂದೇ ಕಡೆ ವಿಮಾನ ಬದಲಿಸಿದರೆ ಸಾಕು, ಕಾಯುವ ಹೊತ್ತೂ ಕಡಿಮೆ ಎಂದು ಹುಡುಕಿ ಕೊಟ್ಟವರೂ ಅವರೇ. ಬದಲಿಸುವ ಕಡೆ ಯಾರನ್ನು ಏನು ಕೇಳಬೇಕೆಂದು ರತ್ನಳಿಗೆ ದಿನವೂ ಪಾಠ ನಡೆಯುತ್ತಿತ್ತು. ಪೆಟ್ಟಿಗೆ ಒಪ್ಪಿಸಿದಾಗ ಕೊಡುವ ಚೀಟಿಯನ್ನು ಕಳೆದುಕೊಳ್ಳಬಾರದು, ಫಲಕದಲ್ಲಿ ಗೇಟಿನ ನಂಬರು ನೋಡಬೇಕು, ಸಂಶಯ ಬಂದರೆ ಸಮವಸ್ತ್ರದವರಿಗೆ ಟಿಕೆಟ್ ತೋರಿಸಬೇಕು. ಮಾತೇ ಹೊರಡದಿದ್ದರೆ ಗಾಲಿಕುರ್ಚಿ ಬೇಕೆಂದು ಮೊದಲೇ ಕೇಳಿಕೊಂಡರೆ ಅವರೇ ತಳ್ಳಿಕೊಂಡು ಹೋಗುತ್ತಾರೆ ಎಂದರು ಜೋಸೆಫ್. ಕಾಲು ಗಟ್ಟಿ ಇರುವವಳು ಕುರ್ಚಿಯಲ್ಲಿ ಕೂರುವುದೆಂದರೆ ನಾಚಿಕೆಗೇಡು ಎಂದು ರತ್ನ ಅದೊಂದನ್ನು ಒಪ್ಪಲಿಲ್ಲ.

ಪೆಟ್ಟಿಗೆ ತುಂಬುವ ವಿಷಯದಲ್ಲಿ ಜಗಳವೇ ಆಯಿತು. ರತ್ನ ಮೊದಲು ಎತ್ತಿಟ್ಟದ್ದು ಮನೆಯಲ್ಲೇ ಕಾಯಿಸಿದ ತುಪ್ಪ. ಹಾಲಿನ ಪದಾರ್ಥ ಏನನ್ನೂ ಆ ದೇಶಗಳೊಳಗೆ ಬಿಡುವುದಿಲ್ಲ ಎಂದು ಜೋಸೆಫ್ ತಲೆಯಾಡಿಸಿದರು. ತುಪ್ಪವಿಲ್ಲದೆ ಬಾಣಂತಿಗೆ ಏನು ಬಡಿಸುವುದು ಎಂದು ಅವಳು ಒಂದು ದಿನವೆಲ್ಲ ಮುಖ ಊದಿಸಿಕೊಂಡಳು. ಅಲ್ಲಿ ಬೆಣ್ಣೆಗೆ ಬರವಿಲ್ಲ, ನೀನೇ ಕಾಯಿಸು ಎಂದು ಇಂಚರಾ ಫೋನಿನಲ್ಲಿ ಸಮಾಧಾನ ಮಾಡಬೇಕಾಯಿತು. ತೆಂಗಿನೆಣ್ಣೆಯ ಬಾಟಲಿಗಳು ದೊಡ್ಡ ಪೆಟ್ಟಿಗೆಗೆ ಹೋದವು. ಮುಚ್ಚಳಕ್ಕೆ ಟೇಪು, ಅದರ ಮೇಲೆ ಪ್ಲಾಸ್ಟಿಕ್ ಚೀಲ, ಚೀಲದ ಮೇಲೆ ಹಳೆಯ ಟವೆಲು. ಓಮ, ಜೀರಿಗೆ, ಒಣಶುಂಠಿ, ಕಷಾಯದ ಪುಡಿ. ಒಗೆದು ಒಗೆದು ಮೆತ್ತಗಾದ ಎರಡು ನೂಲಿನ ಸೀರೆ ಹರಿದು ಮಾಡಿದ ಮಗುವಿನ ಬಟ್ಟೆ. ರಾಮದಾಸ ವರ್ಕ್‌ಶಾಪಿನ ಶಿಸ್ತಿನವನು. ಕೊಕ್ಕೆಯ ತಕ್ಕಡಿಗೆ ಪೆಟ್ಟಿಗೆ ತೂಗುಹಾಕಿ, ಹೆಚ್ಚಾದರೆ ಒಂದೊಂದೇ ಹೊರಗೆ ತೆಗೆಯುತ್ತಿದ್ದ. ಅವನ ಕಣ್ಣು ತಪ್ಪಿದಾಗ ಹಪ್ಪಳದ ಕಟ್ಟು ಮತ್ತೆ ಒಳಗೆ ಹೋಗುತ್ತಿತ್ತು.

ವೀಸಾಕ್ಕೆ ಕೊಚ್ಚಿಗೆ ಹೋಗಬೇಕಿತ್ತು. ಅಲ್ಲಿ ಫೋಟೊ ತೆಗೆಯುತ್ತಾರೆ, ಹತ್ತೂ ಬೆರಳಿನ ಗುರುತು ತೆಗೆಯುತ್ತಾರೆ ಎಂದು ಜೋಸೆಫ್ ಹಿಂದಿನ ದಿನ ನೆನಪಿಸಿದರು. ಅವರು ಹೋದ ಮೇಲೆ ರತ್ನ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

ಆ ಕೈಗಳನ್ನು ಅವಳು ಯಾವಾಗಲೂ ಸೆರಗಿನೊಳಗೆ ಇಟ್ಟುಕೊಳ್ಳುವವಳು. ಮದುವೆಗೆ ಮೊದಲು ಊರಿನ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆಯುತ್ತಿದ್ದಳು. ಸಿಪ್ಪೆಯಿಂದ ಒಸರುವ ಎಣ್ಣೆ ಬೆರಳ ತುದಿಯ ಚರ್ಮವನ್ನು ಸುಟ್ಟು ಕಪ್ಪು ಮಾಡಿತ್ತು. ಕಪ್ಪು ಹೋದರೂ ಕಲೆ ಹೋಗಲಿಲ್ಲ. ಆಮೇಲೆ ತೆಂಗಿನಕಾಯಿ ತುರಿದು, ಪಾತ್ರೆ ತಿಕ್ಕಿ, ಅಕ್ಕಪಕ್ಕದವರಿಗೆ ಹಪ್ಪಳ ಲಟ್ಟಿಸಿ ಕೊಟ್ಟು ಬೆರಳುಗಳು ಇನ್ನಷ್ಟು ಒರಟಾದವು. ದೊಡ್ಡ ಆಫೀಸಿನಲ್ಲಿ, ಯಾರೋ ಅಧಿಕಾರಿಯ ಮುಂದೆ ಈ ಕೈ ಚಾಚುವುದು ಹೇಗೆ? ಸಂಜೆ ಅವಳು ಹಿತ್ತಲಿನ ಕಲ್ಲಿನ ಮೇಲೆ ಕೂತು, ಹುಣಸೆಹುಳಿ ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಿನಿಂದ ಕೈ ತಿಕ್ಕತೊಡಗಿದಳು. ಹಬ್ಬದ ಮುಂಚೆ ಹಿತ್ತಾಳೆ ದೀಪ ಬೆಳಗುವುದು ಹೀಗೆಯೇ. ರಾಮದಾಸ ಬಾಗಿಲಲ್ಲಿ ನಿಂತು ನೋಡಿದ.

"ಅದು ಕೈ ಮಾರಾಯ್ತಿ, ಕಾಲುದೀಪ ಅಲ್ಲ."

"ನಾಳೆ ಅವರು ಕೈ ನೋಡುದಲ್ವಾ? ಇದನ್ನು ಹೀಗೇ ತಕೊಂಡು ಹೋಗ್ಲಿಕ್ಕೆ ನಂಗೆ ಆಗುದಿಲ್ಲ" ಎಂದವಳು ಬೆರಳ ತುದಿ ಕೆಂಪಾಗುವವರೆಗೂ ಬಿಡಲಿಲ್ಲ. ಕೊನೆಗೆ ಬೆಳಕಿಗೆ ಹಿಡಿದರೆ ಬೆರಳುಗಳು ನಿಜವಾಗಿ ಫಳಫಳ ಹೊಳೆಯುತ್ತಿದ್ದವು. ಅವಳಿಗೆ ತೃಪ್ತಿಯಾಯಿತು.

ಮರುದಿನ ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತಿದರು. ಕೊಲ್ಲಂ ಹತ್ತಿರ ಬಂದಾಗ ಎಲ್ಲಿಂದಲೋ ಗೇರುಬೀಜ ಹುರಿಯುವ ಘಾಟು ಕಿಟಕಿಯೊಳಗೆ ಬಂತು. ರತ್ನ ಕೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ಕೂತಿದ್ದಳು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವುಗಳನ್ನು ಮುಚ್ಚಿಕೊಂಡಿರಲಿಲ್ಲ.

ವೀಸಾ ಕೇಂದ್ರದಲ್ಲಿ ಶಾಲಿನಿ ಎಂಬ ಹುಡುಗಿ ಕಾಗದಗಳನ್ನೆಲ್ಲ ನೋಡಿ, ಎಲ್ಲ ಸರಿಯಾಗಿದೆ ಎಂದಳು. ಫೋಟೊ ಚೆನ್ನಾಗಿ ಬಂತು. ಆಮೇಲೆ ನಾಲ್ಕು ಬೆರಳು ಒಟ್ಟಿಗೆ ಗುರುತು ತೆಗೆಯುವ ಯಂತ್ರದ ಗಾಜಿನ ಮೇಲೆ ಇಡಲು ಹೇಳಿದಳು. ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು. ಒತ್ತಿ ಹಿಡಿದರೂ ಕೆಂಪು. ಹುಡುಗಿ ಎದ್ದು ಬಂದು ರತ್ನಳ ಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದು ನೋಡಿದಳು. ಇದಕ್ಕೆ ಏನು ಮಾಡಿದಿರಿ ಅಮ್ಮೇ ಎಂದು ಮಲಯಾಳದಲ್ಲಿ ಮೆಲ್ಲಗೆ ಕೇಳಿದಳು. ರತ್ನ ಹೇಳಿದಳು. ಪಕ್ಕದ ಕೌಂಟರಿನವರು ನಕ್ಕರು, ಶಾಲಿನಿ ನಗಲಿಲ್ಲ. ಉಳಿದಿದ್ದ ಅಷ್ಟಿಷ್ಟು ಗೆರೆಯೂ ತಿಕ್ಕಿ ಹೋಗಿದೆ, ಚರ್ಮ ಮತ್ತೆ ಬರಬೇಕು ಎಂದು ವಿವರಿಸಿದಳು. ಎರಡು ವಾರ ಬಿಟ್ಟು ಇನ್ನೊಂದು ದಿನ ಕೊಡುವೆ; ಅಲ್ಲಿಯವರೆಗೆ ಸಾಬೂನು, ತಣ್ಣೀರು, ಪಾತ್ರೆ ತಿಕ್ಕುವುದು ಏನೂ ಬೇಡ, ದಿನಾ ಎಣ್ಣೆ ಹಚ್ಚಿ. ಆಗಲೂ ಬಾರದಿದ್ದರೆ ಮೇಲಿನವರನ್ನು ಕೇಳಬೇಕಾಗುತ್ತದೆ, ಎಷ್ಟು ದಿನ ಹಿಡಿಯುತ್ತದೋ ತನಗೆ ಹೇಳಲಾಗದು ಎಂದಳು.

ವಾಪಸು ಬರುವ ರೈಲಿನಲ್ಲಿ ರತ್ನ ದಿನ ಎಣಿಸತೊಡಗಿದಳು. ವಿಮಾನ ನವೆಂಬರ್ ಮೊದಲ ವಾರದ್ದು. ಎರಡು ವಾರ ಹೋದರೆ, ಆಮೇಲೆ ವೀಸಾ ಬರಲು ಬೇಕಾದಷ್ಟೇ ದಿನ ಉಳಿಯುತ್ತದೆ. ಇನ್ನೊಮ್ಮೆ ತಪ್ಪಿದರೆ ಮಗು ಹುಟ್ಟುವಾಗ ತಾನು ಈ ಹಿತ್ತಲಿನಲ್ಲೇ ಇರಬೇಕಾಗುತ್ತದೆ. ಕಾಯಂಕುಳಂ ದಾಟಿದ ಮೇಲೆ ಅವಳ ಕಣ್ಣಲ್ಲಿ ನೀರು ಬಂತು. ರಾಮದಾಸ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ, "ನಾಳೆಯಿಂದ ನೀನು ನೀರು ಮುಟ್ಟುದಿಲ್ಲ. ಅಷ್ಟೇ."

ಮರುದಿನ ಅವನು ಐದಕ್ಕೇ ಎದ್ದು ಅಡಿಗೆಮನೆಗೆ ಹೋದ. ಲೋಹದ ತುಂಡುಗಳನ್ನು ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ ಅರದಲ್ಲಿ ಉಜ್ಜುವ ಮನುಷ್ಯ; ಅವನು ತಿಕ್ಕಿದ ಪಾತ್ರೆಯಲ್ಲಿ ಮುಖ ನೋಡಬಹುದಿತ್ತು. ಅನ್ನ ಮಾತ್ರ ಮೊದಲ ದಿನ ತಳ ಹಿಡಿಯಿತು. ಅಂಗೈಗೆಲ್ಲ ತೆಂಗಿನೆಣ್ಣೆ ಬಳಿದು, ಹತ್ತಿಯ ಕೈಗವಸು ತೊಟ್ಟು ಕೂತಿದ್ದ ರತ್ನಳಿಗೆ ತಡೆಯಲಾಗಲಿಲ್ಲ.

"ಅಡಿ ಹಿಡಿದ ವಾಸನೆ ಬರ್ತಾ ಉಂಟು."

"ನಿನ್ನ ಕೈಗೆ ಮಾತ್ರವಾ ರಜೆ? ಬಾಯಿಗೆ ಕೊಡ್ಲಿಲ್ವಾ?"

ಮೂರನೆಯ ದಿನ ಅವಳು ಕದ್ದು ಒಂದು ಲೋಟ ತೊಳೆಯಲು ಹೋಗಿ ಸಿಕ್ಕಿಬಿದ್ದಳು. ನಾಲ್ಕನೆಯ ದಿನದಿಂದ ಅಚ್ಚಮ್ಮ, ನೋಯುವ ಮಂಡಿಯನ್ನು ಎಳೆದುಕೊಂಡು, ರಾಮದಾಸ ಡ್ಯೂಟಿಗೆ ಹೋದ ಹೊತ್ತಿನಲ್ಲಿ ಕಾವಲು ಕಾಯಲು ಬಂದು ಕೂತಳು. ಮೀಯಲು ಬಿಸಿನೀರು, ಊಟಕ್ಕೆ ಬಿಸಿ ಗಂಜಿ, ತಣ್ಣೀರು ಮುಟ್ಟುವ ಹಾಗಿಲ್ಲ, ನೆಲದಿಂದ ಏನನ್ನೂ ಎತ್ತುವ ಹಾಗಿಲ್ಲ. ಇದೆಲ್ಲ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ರತ್ನ ಯೋಚಿಸುತ್ತಿರುವಾಗಲೇ ಅಚ್ಚಮ್ಮ ಅದನ್ನು ಬಾಯಿಬಿಟ್ಟು ಹೇಳಿದಳು. ಆಗ ಆಗದೆ ಹೋದ ಬಾಣಂತನವನ್ನು ಈಗ ಗಂಡ ಮಾಡುತ್ತಿದ್ದಾನೆ, ಸುಮ್ಮನೆ ಮಾಡಿಸಿಕೋ ಎಂದಳು.

ಅಂದು ರಾತ್ರಿ ರಾಮದಾಸ ಬಡಿಸಿದ ಅನ್ನ ಸಾರನ್ನು ರತ್ನ ಏನೂ ತಪ್ಪು ಹುಡುಕದೆ ಉಂಡಳು. ಎಷ್ಟೋ ವರ್ಷಗಳಿಂದ ಒಂಟಿಯಾಗಿ ಹೊತ್ತುಕೊಂಡಿದ್ದ ಒಂದು ನೋವು, ಹಸಿ ಮೈಯಲ್ಲಿ ಬಟ್ಟೆ ಒಗೆದ ನೋವು, ಹೀಗೆ ಎಣ್ಣೆಯ ವಾಸನೆಯೊಳಗೆ, ಉಪ್ಪು ಜಾಸ್ತಿಯಾದ ಸಾರಿನೊಳಗೆ ಕರಗಿ ಹೋಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೈ ಕೆಟ್ಟದ್ದೇ ಒಳ್ಳೆಯದಾಯಿತೋ ಏನೋ ಎಂದು ಒಮ್ಮೆ ಅನ್ನಿಸಿ, ಮರುಕ್ಷಣವೇ ಬೊಲೋನ್ಯಕ್ಕೆ ಹೋಗಲಾಗದೋ ಎಂಬ ಹೆದರಿಕೆ ಬಂತು.

ಎರಡನೆಯ ಬಾರಿ ಕೊಚ್ಚಿಗೆ ಹೋಗುವಾಗ ಅವಳು ಬೆರಳುಗಳನ್ನು ಯಾವುದಕ್ಕೂ ತಾಗಿಸದೆ, ಹೊಸದಾಗಿ ಬಣ್ಣ ಹಚ್ಚಿದ ಬಾಗಿಲನ್ನು ಕಾಯುವವರ ಹಾಗೆ ಕಾದುಕೊಂಡು ಹೋದಳು. ಶಾಲಿನಿಗೆ ಗುರುತು ಸಿಕ್ಕಿತು. ಒಳಗೆ ಕರೆದು, ಎಣ್ಣೆಯ ಪಸೆಯನ್ನು ತಾನೇ ಬಟ್ಟೆಯಿಂದ ಒರೆಸಿ, ಬಲಗೈ ಇಡಿಸಿದಳು. ಹಸಿರು. ಹೆಬ್ಬೆರಳುಗಳು ಹಸಿರು. ಎಡಗೈಗೆ ದೀಪ ಕೆಂಪಾಯಿತು. ಮತ್ತೆ ಕೆಂಪು. ಹುಡುಗಿ ತನ್ನ ಕೈಯನ್ನು ರತ್ನಳ ಕೈಯ ಮೇಲಿಟ್ಟು, ಹಪ್ಪಳ ಒತ್ತುವಷ್ಟೇ ಹದವಾಗಿ ಒತ್ತಿದಳು. ಎರಡು ಕೈಗಳ ಕೆಳಗೆ ದೀಪ ಹಸಿರಾಯಿತು.

"ವಲಿಯ ಉಪಕಾರಂ, ಮೋಳೇ" ಎಂದಳು ರತ್ನ. ದೊಡ್ಡ ಉಪಕಾರವಾಯಿತು ಮಗಳೇ ಎನ್ನುವುದಕ್ಕಿಂತ ಹೆಚ್ಚಿನದೇನನ್ನೋ ಹೇಳಬೇಕಿತ್ತು. ಆದರೆ ಆ ಹುಡುಗಿಯ ಕೈಯನ್ನು ಬಿಡಲಾಗದೆ ಹಿಡಿದುಕೊಂಡೇ ಇದ್ದದ್ದರಲ್ಲಿ ಅದೂ ಸೇರಿತ್ತೆಂದು ಕಾಣುತ್ತದೆ. ಮಗು ಹುಟ್ಟಿದ ಮೇಲೆ ಫೋಟೊ ತೋರಿಸಿ ಎಂದು ಶಾಲಿನಿ ನಕ್ಕಳು.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಬಂದ ದಿನ ರತ್ನ ನೇರವಾಗಿ ಹೋದದ್ದು ಅಡಿಗೆಮನೆಯ ಸಿಂಕಿಗೆ. ರಾಮದಾಸ ದಾರಿಗೆ ಅಡ್ಡ ನಿಂತ. ಅಲ್ಲಿ ಇಳಿದ ಮೇಲೂ ಬೆರಳು ನೋಡುತ್ತಾರಂತೆ, ಜೋಸೆಫ್ ಹೇಳಿದ್ದಾರೆ ಎಂದ. ಹೀಗಾಗಿ ಹೊರಡುವ ದಿನದವರೆಗೂ ಪಾತ್ರೆ ಅವನದೇ ಆಯಿತು. ಅದೇ ವಾರ ಒಂದು ಸಂಜೆ ಅವನು ವಿಚಿತ್ರವಾದ ಖುಷಿಯಲ್ಲಿ ಮನೆಗೆ ಬಂದ. ಸಂಸ್ಥೆಯ ಗೇಟಿನಲ್ಲಿ ಹಾಜರಿ ಹಾಕುವ ಯಂತ್ರ ಅವನ ಹೆಬ್ಬೆರಳನ್ನು ಒಪ್ಪಲಿಲ್ಲವಂತೆ. ಎಷ್ಟು ಒತ್ತಿದರೂ ನೀನು ಯಾರೋ ಗೊತ್ತಿಲ್ಲ ಎಂದಿತಂತೆ. ಕೊನೆಗೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಒಳಗೆ ಬಿಟ್ಟರಂತೆ. ಪಾತ್ರೆ ತೊಳೆದ ಕಥೆಯನ್ನು ಅವನು ಅಲ್ಲಿ ಮುಚ್ಚಿಡಲಿಲ್ಲ.

ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನ ನಿಲ್ದಾಣದ ಬಾಗಿಲವರೆಗೆ ಜೋಸೆಫ್ ಕೂಡ ಬಂದಿದ್ದರು. ಗೇಟಿನ ನಂಬರಿನ ಪಾಠ ಕೊನೆಯ ಸಲ ಆಯಿತು. ರಾಮದಾಸ ಪೆಟ್ಟಿಗೆಯ ಚಕ್ರಗಳನ್ನು ತಿರುಗಿಸಿ ನೋಡಿದ, ಬೀಗ ಎಳೆದು ನೋಡಿದ. ಇನ್ನು ನೋಡಲು ಏನೂ ಉಳಿಯದಾಗ ರತ್ನಳ ಕೈ ತೆಗೆದುಕೊಂಡು, ವರ್ಕ್‌ಶಾಪಿನಲ್ಲಿ ಅರದಲ್ಲಿ ಉಜ್ಜಿದ ತುಂಡಿನ ನಯ ನೋಡುವ ಹಾಗೆ ಬೆರಳ ತುದಿಗಳ ಮೇಲೆ ಹೆಬ್ಬೆರಳು ಸವರಿದ. ಅವನ ಹೆಬ್ಬೆರಳು ಒರಟಾಗಿತ್ತು, ಸಾಬೂನಿನಿಂದ ಸಿಪ್ಪೆ ಎದ್ದಿತ್ತು. ರತ್ನ ಅದನ್ನು ತಿರುಗಿಸಿ ಬೆಳಕಿಗೆ ಹಿಡಿದಳು.

"ನಿಮ್ಮದು ಪೂರ್ತಿ ಹೋಯ್ತು ಮಾರ್ರೆ. ಇನ್ನು ಮೊಮ್ಮಗುವನ್ನು ನೋಡ್ಲಿಕ್ಕೆ ನಿಮಗೆ ವೀಸಾ ಕೊಡುವವರು ಯಾರು?"

"ನೀನು ವಾಪಸು ಬಂದ ಮೇಲೆ ಸರಿ ಮಾಡು" ಎಂದ ರಾಮದಾಸ.

ಅವಳು ಕೈಚೀಲದಿಂದ ತೆಂಗಿನೆಣ್ಣೆಯ ಚಿಕ್ಕ ಬಾಟಲಿ ತೆಗೆದು ಅವನ ಅಂಗೈಯಲ್ಲಿಟ್ಟಳು. ದಾರಿಯಲ್ಲಿ ತನ್ನ ಬೆರಳಿಗೆಂದು ಇಟ್ಟುಕೊಂಡಿದ್ದದ್ದು. ಆಮೇಲೆ ಪಾಸ್‌ಪೋರ್ಟನ್ನು ಮುಂದೆ ಹಿಡಿದು, ಎರಡೂ ಕೈ ಎಲ್ಲರಿಗೂ ಕಾಣುವ ಹಾಗೆ, ಒಳಗೆ ನಡೆದಳು.