ಕೈಗೆ ಒಗ್ಗುವ ಟೈಪ್‌ರೈಟರ್

ಸವಣೂರಿನ ಕಚೇರಿ ಮುಂದೆ ಕುಳಿತು ಅರ್ಜಿ ಟೈಪು ಮಾಡುವ ಮೈಲಾರಲಿಂಗಪ್ಪ ಬೇರೆ ಟೈಪ್‌ರೈಟರ್ ಹುಡುಕಲು ಹೊರಟರೆ ಹೆಣ್ಣು ನೋಡಲು ಹೊರಟಂತೆಯೇ: ಒಗೆದ ಧೋತರ, ಹಣೆಗೆ ಭಂಡಾರ, ದವಡೆಯಲ್ಲಿ ಊರಿನ ವೀಳ್ಯದೆಲೆ. ಯಂತ್ರದ ಬಣ್ಣ, ವಯಸ್ಸು ಕೇಳುವವನಲ್ಲ. ಕಣ್ಣು ಮುಚ್ಚಿ ಬೆರಳು ಊರುತ್ತಾನೆ. ಒಂದಕ್ಕೆ, “ಕೀಲಿ ಅಲ್ರಿ ಇವು, ಕುದುರಿ ಹಲ್ಲು” ಅನ್ನುತ್ತಾನೆ. ಇನ್ನೊಂದಕ್ಕೆ, “ಒತ್ತಿದ್ರ ಕೆಸರಾಗ ಕಾಲಿಟ್ಟಂಗ ಆಗತೈತಿ” ಎಂದು ಎದ್ದುಬಿಡುತ್ತಾನೆ. ಹುಬ್ಬಳ್ಳಿಯ ಅಂಗಡಿಕಾರರು ಅವನನ್ನು ದೂರದಿಂದಲೇ ಕಂಡು ಯಂತ್ರಗಳಿಗೆ ಹೊದಿಕೆ ಹಾಕುತ್ತಾರಂತೆ. ತಪ್ಪು ಅವನದಲ್ಲ. ಚಿಕ್ಕಂದಿನಲ್ಲಿ ಎಡಗೈ ಕಿರುಬೆರಳು ಕಬ್ಬಿನ ಗಾಣಕ್ಕೆ ಸಿಕ್ಕು ತುಂಡಾಗಿದೆ. ಆ ಬೆರಳಿನ ಕೀಲಿಗಳನ್ನು ಪಕ್ಕದ ಬೆರಳು ಚಾಚಿ ಕುಟ್ಟುತ್ತಾನೆ. ಕೆಟ್ಟು ಮನೆಯ ಅಟ್ಟ ಸೇರಿರುವ ಅವನ ಹಳೆಯ ಯಂತ್ರದಲ್ಲಿ ಆ ಕೀಲಿಗಳು ಬಲ ಅಂಚಿನಲ್ಲಿ ಮಾತ್ರ ಸವೆದಿವೆ. ಅಂಥ ಸವೆತ ಬೇರೆಲ್ಲಿ ಸಿಗಬೇಕು? ಸಿಕ್ಕಿತು. ಮೊದಲ ಸಲ ಕಾಲಿಟ್ಟ ಹಾನಗಲ್ಲಿನಲ್ಲಿ, ರಿಪೇರಿಯ ದಸ್ತಗೀರಸಾಬನ ಅಂಗಡಿಯ ಮೂಲೆಯಲ್ಲಿದ್ದ ಯಂತ್ರದ ಮೇಲೆ ಇಟ್ಟೊಡನೆ ಬೆರಳುಗಳು ತಂತಮ್ಮ ತಗ್ಗಿನಲ್ಲಿ ಕುಳಿತವು. ಕಣ್ಣು ಬಿಟ್ಟ. ಎಡತುದಿಯ ಕೀಲಿಗಳು ಬಲ ಅಂಚಿನಲ್ಲಷ್ಟೇ ಸವೆದಿದ್ದವು. “ಯಾರದ್ರಿ ಇದು, ಸಾಬರ?” ಎಂದ. ದಸ್ತಗೀರಸಾಬ ಎಣ್ಣೆಗೈ ಒರೆಸಿಕೊಳ್ಳುತ್ತ ನಕ್ಕ: “ಚೇಷ್ಟಿ ಮಾಡ್ತೀರೇನ್ರಿ? ಹೋದ ವಾರ ನೀವ ತಂದಿಟ್ಟು ಹೋದ್ರಿ. ಇನ್ನ ನನಗ ಇದರ ಕೆಲಸ ಇಲ್ಲ ಅಂದ್ರಿ.” ಮೈಲಾರಲಿಂಗಪ್ಪನ ದವಡೆ ನಿಂತಿತು, ಬೆರಳುಗಳನ್ನು ಮಾತ್ರ ಎತ್ತಲಾಗಲಿಲ್ಲ, ಅಷ್ಟು ಸುಖವಾಗಿತ್ತು.